ಕದಿರೇಶನ ಎಡಗಿವಿ

ವಕ್ಕಲೇರಿಯ ಶ್ರೀರಾಮಪ್ಪನ ಮಗ ಕದಿರೇಶ ಜಲ್ಲಿ ಕ್ರಷರ್‌ಗೆ ಸೇರಿದಾಗ ಅವನಿಗೆ ಹದಿನೆಂಟು ವರ್ಷ. ಅದು ಎಪ್ಪತ್ತೇಳನೇ ಇಸವಿ. ಪಿಯುಸಿಯಲ್ಲಿ ಇಂಗ್ಲಿಷು ಕೈಕೊಟ್ಟಿತ್ತು. ಮನೆಗಿದ್ದ ರಾಗಿ ಹೊಲಕ್ಕೂ ತುಂಡು ಹಿಪ್ಪುನೇರಳೆ ತೋಟಕ್ಕೂ ಅಪ್ಪನೊಬ್ಬನೇ ಸಾಕಾಗಿದ್ದ. ಮಾಲೂರಿನ ಕಡೆ ಹೋಗುವ ದಾರಿಯಲ್ಲಿ ಒಂದು ಕಲ್ಲುಗುಡ್ಡದ ಬುಡಕ್ಕೆ ಹೊಸದಾಗಿ ಕ್ರಷರ್ ಬಂದಿದೆ, ಓದಿದ ಹುಡುಗರಿಗೆ ಮೆಷೀನಿನ ಹತ್ತಿರ ಕೆಲಸ ಕೊಡುತ್ತಾರೆ ಎಂದು ಯಾರೋ ಹೇಳಿದರು. ಸೈಕಲ್ ಹತ್ತಿ ಹೋದವನು ಅಲ್ಲೇ ಉಳಿದ.

ಗುಡ್ಡದಿಂದ ಸಿಡಿಸಿ ತಂದ ಕಲ್ಲನ್ನು ಎರಡು ಕಬ್ಬಿಣದ ದವಡೆಗಳ ಮಧ್ಯೆ ಹಾಕಿ ಅಗಿಸುವುದು. ಅಗಿದು ಬಿದ್ದ ಜಲ್ಲಿ ರಬ್ಬರ್ ಬೆಲ್ಟಿನ ಮೇಲೆ ಏರಿ ಹೋಗಿ ಆ ಕಡೆ ರಾಶಿ ಬೀಳುವುದು. ಕದಿರೇಶನ ಕೆಲಸ ಲಿವರ್ ಹಿಡಿಯುವುದು. ಬೆಲ್ಟಿನ ಹತ್ತಿರ ಇರುವ ಆಳು 'ಬಿಡು' ಎಂದರೆ ಬಿಡಬೇಕು, 'ನಿಲ್ಸು' ಎಂದರೆ ನಿಲ್ಲಿಸಬೇಕು. ಇಂಜಿನ್ನು ಅವನ ಎದುರಿಗಿತ್ತು. ದವಡೆಯೂ ಬೆಲ್ಟೂ ಅವನ ಎಡಕ್ಕೆ ನಾಲ್ಕು ಹೆಜ್ಜೆ ದೂರದಲ್ಲಿದ್ದವು. ಬೆಳಿಗ್ಗೆ ಎಂಟಕ್ಕೆ ಶುರುವಾದರೆ ಊಟದ ಹೊತ್ತು ಬಿಟ್ಟು ಸಂಜೆ ಆರರವರೆಗೆ ಕಲ್ಲು ಅಗಿಯುವ ಸದ್ದು. ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಕೂತರೂ ತಲೆಯೊಳಗೆ ಅದು ಓಡುತ್ತಲೇ ಇರುತ್ತಿತ್ತು. ಮೊದಲ ವರ್ಷ ಅದಕ್ಕೆ ಹೆದರಿದ. ಆಮೇಲೆ ಎಲ್ಲರಿಗೂ ಹೀಗೇ ಇರಬೇಕು ಅಂದುಕೊಂಡು ಸುಮ್ಮನಾದ.

ಎಂಬತ್ತಮೂರರಲ್ಲಿ ಕೆಜಿಎಫ್‌ನಿಂದ ಆರೋಗ್ಯದಾಸ್ ಎಂಬ ಫಿಟ್ಟರ್ ಬಂದು ಸೇರಿದ. ನಲವತ್ತು ದಾಟಿದ ಮನುಷ್ಯ, ಗಣಿಯ ವರ್ಕ್‌ಶಾಪಿನಲ್ಲಿ ಪಳಗಿದವನು. ಊಟದ ಡಬ್ಬಿಯ ಜೊತೆಗೆ ಒಂದು ಟೇಪ್‌ರೆಕಾರ್ಡರ್ ತರುತ್ತಿದ್ದ. ಮೆಷೀನು ನಿಂತ ಮೇಲೆ ಹೊಂಗೆ ಮರದ ಕೆಳಗೆ ಕೂತು ಕ್ಯಾಸೆಟ್ ಹಾಕಿದರೆ ಕಲ್ಲು ಹೊರುವ ಹೆಂಗಸರು ತಟ್ಟೆ ಎತ್ತಿಕೊಂಡು ದೂರ ಹೋಗಿ ಕೂರುತ್ತಿದ್ದರು. ಕದಿರೇಶ ಮಾತ್ರ ಹತ್ತಿರ ಹೋದ.

"ಇದೇನಣ್ಣಾ, ಹಾಡಾ?"

"ಹೆವಿ ಮೆಟಲ್ ಪಾ ಇದು."

ಕದಿರೇಶನಿಗೆ ನಗು ಬಂತು. ರಸ್ತೆ ಕಂಟ್ರಾಕ್ಟರುಗಳ ಚೀಟಿಯಲ್ಲಿ ಜಲ್ಲಿಗೆ ಮೆಟಲ್ ಎಂದೇ ಬರೆದಿರುತ್ತಿತ್ತು. "ಮೆಟಲ್ ಅಂದ್ರೆ ನಾವ್ ದಿನಾ ಒಡಿಯೋದಲ್ವಾ?"

"ಇದೂ ಅದೇ. ಒಡಿಯೋರು ಬೇರೆ," ಎಂದ ಆರೋಗ್ಯದಾಸ್.

ಹಾಡಿದವರ ಇಂಗ್ಲಿಷು ಕದಿರೇಶನಿಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೆ ಬೇರೆ ಏನೋ ತಿಳಿಯಿತು. ಕ್ರಷರ್‌ನ ಸದ್ದಿಗೆ ಹಿಂದಿಲ್ಲ ಮುಂದಿಲ್ಲ, ಅದು ಮೈಮೇಲೆ ಬೀಳುತ್ತಿತ್ತು ಅಷ್ಟೇ. ಇಲ್ಲಿ ಅಷ್ಟೇ ದೊಡ್ಡ, ಅಷ್ಟೇ ಒರಟು ಸದ್ದಿಗೆ ಯಾರೋ ಮೂಗುದಾರ ಹಾಕಿ ಹಿಡಿದಿದ್ದರು. ಬಾ ಅಂದರೆ ಬರುತ್ತಿತ್ತು, ನಿಲ್ಲು ಅಂದರೆ ಒಂದೇ ಏಟಿಗೆ ನಿಲ್ಲುತ್ತಿತ್ತು. ನಿಂತ ಮೇಲೆ ಆಗುವ ಆ ಮೌನ ಅವನಿಗೆ ಎಲ್ಲಕ್ಕಿಂತ ಇಷ್ಟವಾಯಿತು. ಆರು ತಿಂಗಳಾಗುವಷ್ಟರಲ್ಲಿ ರೇಡಿಯೋ, ಟೇಪು ಎರಡೂ ಇದ್ದ ಆರೋಗ್ಯದಾಸನ ಹಳೆಯ ಟು-ಇನ್-ಒನ್ ಒಂದನ್ನು ಕೊಂಡುಕೊಂಡ. ನಾಲ್ಕು ಕ್ಯಾಸೆಟ್ಟೂ ಸಿಕ್ಕವು. ಕದಿರೇಶನ ಹೆಂಡತಿ ಭಾರತಮ್ಮ, "ಅಲ್ಲೂ ಅದೇ ಗಲಾಟೆ, ಇಲ್ಲೂ ಅದೇನಾ?" ಎಂದಳು. ಬೇಡವೆನ್ನಲಿಲ್ಲ.

ಎಂಬತ್ತೈದರ ಫೆಬ್ರವರಿಯಲ್ಲಿ ಚನ್ನರಾಯಪ್ಪನ ಕೈ ಹೋಯಿತು.

ಚನ್ನರಾಯಪ್ಪ ಶ್ರೀನಿವಾಸಪುರದ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ರಾಯಲ್ಪಾಡಿನವನು. ಬೆಲ್ಟಿನ ಹತ್ತಿರದ ಆಳು, ಕದಿರೇಶನಿಗಿಂತ ಎಂಟು ವರ್ಷ ದೊಡ್ಡವನು. ಕ್ರಷರ್ ಪಕ್ಕದ ಶೆಡ್ಡಿನಲ್ಲೇ ವಾಸ, ಹದಿನೈದು ದಿನಕ್ಕೊಮ್ಮೆ ಊರು. ಮಾವಿನ ಕಾಲದಲ್ಲಿ ಊರಿಗೆ ಹೋಗಿ ಬಂದರೆ ಕದಿರೇಶನಿಗೆ ಅಂತ ಒಂದು ಚೀಲ ತುಂಬಿಕೊಂಡೇ ಬರುತ್ತಿದ್ದ. ಅವತ್ತು ಬೆಲ್ಟಿನ ರೋಲರಿಗೆ ಕಲ್ಲು ಸಿಕ್ಕಿಕೊಂಡಿತ್ತು. ಕದಿರೇಶ ಮೆಷೀನು ನಿಲ್ಲಿಸಿದ. ಚನ್ನರಾಯಪ್ಪ ಕಲ್ಲು ಕಿತ್ತು, 'ಬಿಡು' ಎಂದು ಕೈಯಾಡಿಸಿ, ಹಿಂದಕ್ಕೆ ಸರಿದ. ಕದಿರೇಶ ಲಿವರ್ ಬಿಟ್ಟು ಇಂಜಿನ್ನಿನ ಕಡೆ ತಿರುಗಿದ. ಬೆಲ್ಟು ಮೆಲ್ಲಗೆ ಎಳೆಯತೊಡಗಿದಾಗ ಇನ್ನೊಂದು ಚೂರು ಉಳಿದದ್ದು ಚನ್ನರಾಯಪ್ಪನ ಕಣ್ಣಿಗೆ ಬಿತ್ತು. ಕೈ ಹಾಕಿದ. ಅಂಗಿಯ ತೋಳು ಸಿಕ್ಕಿಕೊಂಡಿತು. ಅತ್ತ ಕಡೆಯಿಂದ ದೊಡ್ಡವೆಂಕಟಪ್ಪ ಮೇಸ್ತ್ರಿ ಓಡಿ ಬಂದು ಕದಿರೇಶನನ್ನು ತಳ್ಳಿ ಲಿವರ್ ಎಳೆಯುವ ಹೊತ್ತಿಗೆ ಬಲಗೈ ಮೊಳಕೈವರೆಗೆ ಹೋಗಿತ್ತು.

ಮೂರನೇ ದಿನ ಮಾಲೀಕನ ಗುಮಾಸ್ತ ಕದಿರೇಶನ ಹೆಸರಿನಲ್ಲಿ ಒಂದು ಕಾಗದ ಬರೆದುಕೊಂಡು ಬಂದ. ಆಳು ಯಾರಿಗೂ ಹೇಳದೆ ಓಡುತ್ತಿದ್ದ ಬೆಲ್ಟಿಗೆ ತಾನಾಗಿ ಕೈ ಹಾಕಿದ, ನಿಲ್ಲಿಸು ಎಂದು ಕೂಗಲಿಲ್ಲ, ನಾಲ್ಕು ಹೆಜ್ಜೆ ದೂರದಲ್ಲಿದ್ದ ನನಗೆ ಯಾವ ಕೂಗೂ ಕೇಳಿಸಲಿಲ್ಲ ಎಂದು ಅದರಲ್ಲಿತ್ತು. ಕದಿರೇಶ ಎರಡು ಸಲ ಓದಿದ. ಅದರಲ್ಲಿ ಸುಳ್ಳೇನೂ ಕಾಣಿಸಲಿಲ್ಲ. ಅವನಿಗೆ ನಿಜವಾಗಿಯೂ ಕೇಳಿಸಿರಲಿಲ್ಲ. ಆಸ್ಪತ್ರೆಯಲ್ಲಿ ಚನ್ನರಾಯಪ್ಪ, ನಾನು ಮೂರು ಸಲ ಕೂಗಿದೆ, ಕದಿರ ತಿರುಗಿಯೂ ನೋಡಲಿಲ್ಲ ಎಂದು ಎಲ್ಲರಿಗೂ ಹೇಳುತ್ತಿದ್ದಾನೆ ಎಂದು ತಿಳಿದಾಗ, ನೋವಿನಲ್ಲಿ ಹಾಗನ್ನಿಸಿರಬೇಕು ಅಂದುಕೊಂಡ. ಆಮೇಲೆ ಕೋಪವೂ ಬಂತು. ತನ್ನ ತಪ್ಪನ್ನು ನನ್ನ ತಲೆಗೆ ಕಟ್ಟುತ್ತಾನಲ್ಲ! ಸಹಿ ಹಾಕಿದ.

ಒಂದು ಮಾತ್ರ ಅವನ ಮನಸ್ಸಿಗೆ ಚುಚ್ಚಿತ್ತು. ಕೈ ಹೋದ ದಿನ ದೊಡ್ಡವೆಂಕಟಪ್ಪ ಮೇಸ್ತ್ರಿ, "ಕೂಗು ಕೇಳಿ ಓಡಿ ಬಂದೆ" ಅಂದಿದ್ದ. ಗುಮಾಸ್ತ ಬಂದು ಹೋದ ಮೇಲೆ, "ಕಣ್ಣಿಗೆ ಬಿತ್ತು, ಓಡಿ ಬಂದೆ" ಅನ್ನತೊಡಗಿದ. ಕದಿರೇಶ ಅದನ್ನು ಗಮನಿಸಿದ. ಯಾಕೆಂದು ಕೇಳಲಿಲ್ಲ.

ಚನ್ನರಾಯಪ್ಪ ಊರು ಸೇರಿದ. ಅವನ ಹೆಂಡತಿ ಮುನಿಯಲ್ಲಮ್ಮ ಯಾರ ಕೈಲೋ ಅರ್ಜಿ ಬರೆಸಿ ಕೋಲಾರದ ಲೇಬರ್ ಆಫೀಸಿಗೆ ಹಾಕಿದಳಂತೆ ಎಂದು ಸುದ್ದಿ ಬಂತು. ಕಾಗದದಲ್ಲಿ ಕದಿರೇಶನ ಸಹಿ ಇರುವ ತನಕ ಆ ಅರ್ಜಿಗೆ ಕಾಲಿಲ್ಲ ಎಂದು ಗುಮಾಸ್ತ ನಗುತ್ತಾ ಹೇಳಿದ. ಕದಿರೇಶ ನಗಲಿಲ್ಲ, ಆದರೆ ಎದ್ದು ಹೋಗಲೂ ಇಲ್ಲ.

ಆ ವರ್ಷ ಅವನು ಕ್ಯಾಸೆಟ್ಟನ್ನು ಮೊದಲಿಗಿಂತ ಹೆಚ್ಚಾಗಿ ಕೇಳಿದ, ಸೌಂಡನ್ನೂ ಹೆಚ್ಚಿಗೆ ಇಟ್ಟ.

ಮಾರನೆಯ ವರ್ಷ ಯುಗಾದಿ ಕಳೆದ ಮೇಲೆ ಶ್ರೀರಾಮಪ್ಪನಿಗೆ ಲಕ್ವ ಹೊಡೆಯಿತು. ಒಂದು ಪಕ್ಕ ಬಿದ್ದುಹೋಯಿತು, ಮಾತು ನಿಂತಿತು. ನಡುಮನೆಯಲ್ಲಿ ಮಂಚ ಹಾಕಿದರು. ಟೇಪ್‌ರೆಕಾರ್ಡರ್ ಇದ್ದದ್ದೂ ಅಲ್ಲೇ. ಕದಿರೇಶ ಒಂದು ಭಾನುವಾರ ಕ್ಯಾಸೆಟ್ ಹಾಕಿದ ಕೂಡಲೇ ಮುದುಕ ಸ್ವಾಧೀನವಿದ್ದ ಕೈಯಿಂದ ಗೋಡೆ ಗುದ್ದತೊಡಗಿದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

"ನಿಲ್ಸು, ಮಾವಂಗೆ ಭಯ ಆಗ್ತಾ ಐತೆ," ಎಂದಳು ಭಾರತಮ್ಮ. "ಕಿವಿಗೆ ಹಾಕ್ಕೊಳ್ಳೋದು ಬರುತ್ತಂತಲ್ಲ, ಅದಾದ್ರೂ ತಗೋ. ಕೇಳೋನು ನೀನೊಬ್ಬ ಕೇಳು."

ಕದಿರೇಶ ಆರೋಗ್ಯದಾಸನನ್ನು ಕೇಳಿದ. ಹೆಡ್‌ಫೋನಿನ ವಿಷಯ ಬಂದರೆ ಆರೋಗ್ಯದಾಸನಿಗೆ ಊಟ ಬೇಡ.

"ಸ್ಪಂಜಿಂದು ತಗೋಬೇಡ. ಅದ್ರಲ್ಲಿ ಸಿನಿಮಾ ಹಾಡು ಕೇಳ್ಬೌದು, ನಮ್ದು ಕೇಳಕ್ಕಾಗಲ್ಲ. ಸೊಳ್ಳೆ ಕೂಗ್ದಂಗಿರುತ್ತೆ. ಕಾಲಲ್ಲಿ ಬಾರಿಸೋ ದೊಡ್ಡ ಡ್ರಮ್ ಇದೆಯಲ್ಲ, ಅದು ಎದೆಗೆ ಬರ್ಬೇಕು ಪಾ. ಕಿವಿ ಪೂರ್ತಿ ಮುಚ್ಚೋದು ನೋಡು. ಹೊರಗಿನ ಸದ್ದು ಒಳಗೆ ಬರ್ಲಿಲ್ಲಾಂದ್ರೆ ಸೌಂಡು ಕಮ್ಮಿ ಇಟ್ರೂ ಸಾಕು. ಬಿಗಿ ಜಾಸ್ತಿ ಇದ್ರೆ ಅರ್ಧ ಗಂಟೆಗೆ ತಲೆ ನೋಯುತ್ತೆ, ಅದ್ನೂ ನೋಡ್ಕೊ. ರೇಟು ಕೇಳಿ ಹೆದರ್ಬೇಡ, ಹೆಸರಿಗೆ ದುಡ್ಡು ಕೊಡ್ಬೇಡ, ಕಿವಿಗೆ ಕೊಡು."

"ಒಳ್ಳೇದು ಅಂತ ನಂಗೆ ಹೆಂಗ್ ಗೊತ್ತಾಗುತ್ತೆ?"

"ಅಂಗಡಿಯವನ ಕ್ಯಾಸೆಟ್‌ನಲ್ಲಿ ಕೇಳ್ಬೇಡ, ನಿಂದೇ ತಗೊಂಡ್ಹೋಗು. ಎರಡನೇ ಹಾಡಲ್ಲಿ ಡ್ರಮ್ಮು ಬಲಗಿವಿಯಿಂದ ಎಡಗಿವಿಗೆ ಉರುಳ್ಕೊಂಡು ಹೋಗುತ್ತೆ. ಎಲ್ಲೂ ಮುಗ್ಗರಿಸ್ದೆ ಹೋಯ್ತಾ, ತಗೋ."

ಕದಿರೇಶ ಆ ಹಾಡನ್ನು ನೂರು ಸಲ ಕೇಳಿದ್ದ. ಡ್ರಮ್ಮು ಉರುಳುತ್ತದೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ.

ಆಗಸ್ಟಿನ ಒಂದು ಸೋಮವಾರ, ಕ್ರಷರ್‌ಗೆ ರಜೆ ಇದ್ದ ದಿನ, ಕೋಲಾರಕ್ಕೆ ಹೋದ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಸುಬ್ಬರಾಯಪ್ಪನ ರೇಡಿಯೋ ಅಂಗಡಿ. ಅರ್ಧ ಮಾರಾಟ, ಅರ್ಧ ರಿಪೇರಿ. ಕನ್ನಡಕ ಹಣೆಗೇರಿಸಿಕೊಂಡು ಬೆಸುಗೆ ಹಾಕುತ್ತಿದ್ದ ಸುಬ್ಬರಾಯಪ್ಪ ಗಾಜಿನ ಬೀರುವಿನಿಂದ ಮೂರು ಹೆಡ್‌ಫೋನು ತೆಗೆದು ಮೇಜಿನ ಮೇಲಿಟ್ಟ. ಮೊದಲನೆಯದು ತೆಳ್ಳನೆಯ ತಗಡಿನ ಪಟ್ಟಿಗೆ ಕಿತ್ತಳೆ ಬಣ್ಣದ ಸ್ಪಂಜು ಅಂಟಿಸಿದ್ದು. ಎರಡನೆಯದು ದೆಹಲಿಯ ಮಾಲು, ಕಪ್ಪು ರೆಕ್ಸಿನ್ನಿನ ದಪ್ಪ ಮೆತ್ತೆ, ನೋಡಲು ಒರಟು. ಮೂರನೆಯದು ಯಾರೋ ದುಬೈನಿಂದ ತಂದು ಮಾರಿದ್ದು. ಅದನ್ನು ಮಾತ್ರ ಬಟ್ಟೆಯಲ್ಲಿ ಸುತ್ತಿಟ್ಟಿದ್ದ.

ಕದಿರೇಶ ಕ್ಯಾಸೆಟ್ ಕೊಟ್ಟ. ಸ್ಪಂಜಿನದನ್ನು ಹಾಕಿಕೊಂಡ. ಆರೋಗ್ಯದಾಸ್ ಹೇಳಿದಂತೆ ಸೊಳ್ಳೆಯೇ. ಅದಲ್ಲದೆ ಸದ್ದೆಲ್ಲಾ ಒಂದೇ ಕಡೆಯಿಂದ ಬರುತ್ತಿತ್ತು.

"ಇದ್ರದ್ದು ಎಡಗಡೇದು ಕೆಲ್ಸ ಮಾಡ್ತಿಲ್ಲ ಸಾರ್."

"ಹೌದಾ? ಹೊಸದಲ್ವೇನಪ್ಪಾ ಅದು?" ಸುಬ್ಬರಾಯಪ್ಪ ವೈರು ಅಲ್ಲಾಡಿಸಿದ. "ಹೋಗ್ಲಿ, ಇದು ನೋಡು."

ರೆಕ್ಸಿನ್ನಿನದು ಕಿವಿಯನ್ನು ಪೂರ್ತಿ ಮುಚ್ಚಿತು. ಬೀದಿಯ ಸದ್ದು ಹೋಯಿತು. ದೊಡ್ಡ ಡ್ರಮ್ಮು ಬಂತು, ಬರಬೇಕಾದಂತೆಯೇ ಬಂತು. ಕದಿರೇಶ ಕಣ್ಣು ಮುಚ್ಚಿದ. ಎರಡನೇ ಹಾಡು ಶುರುವಾಯಿತು. ಬಲಗಡೆ ಡ್ರಮ್ಮುಗಳು ಒಂದರ ಹಿಂದೆ ಒಂದು ಎದ್ದು ಉರುಳತೊಡಗಿದವು. ಹಣೆಯ ನಡುವೆ ಬಂದವು. ಅಲ್ಲಿಂದ ಆಚೆ ಏನೂ ಇಲ್ಲ. ರಾಗಿ ತುಂಬುವ ಹಗೇವಿನ ಗುಂಡಿಗೆ ಬಿದ್ದಂತೆ ಬಿದ್ದುಹೋದವು.

"ಇದೂ ಅಷ್ಟೇ ಸಾರ್. ಎಡಕ್ಕೆ ಬರ್ತಿಲ್ಲ."

ಸುಬ್ಬರಾಯಪ್ಪ ದುಬೈನದನ್ನು ಬಿಚ್ಚಿಕೊಟ್ಟ. ಅದೂ ಹಾಗೇ ಆಯಿತು. ಆಮೇಲೆ ಅವನೇ ಒಂದೊಂದಾಗಿ ಮೂರನ್ನೂ ತನ್ನ ತಲೆಗೆ ಹಾಕಿಕೊಂಡು ಕೇಳಿದ. ಆ ಹಾಡಿಗೆ ಮುಖ ಕಿವುಚಿಕೊಂಡ. ಆದರೆ ಕಣ್ಣು ಬಲದಿಂದ ಎಡಕ್ಕೆ ಹೊರಳಿದ್ದು ಕದಿರೇಶನಿಗೆ ಕಂಡಿತು. ಸುಬ್ಬರಾಯಪ್ಪ ಹೆಡ್‌ಫೋನು ತೆಗೆದು ಅವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದ.

"ಇಲ್ಲಿ ಬಾಪ್ಪಾ," ಎಂದು, ರೆಕ್ಸಿನ್ನಿನದನ್ನು ಎಡದ್ದು ಬಲಗಿವಿಗೆ ಬರುವಂತೆ ಹಿಂದುಮುಂದಾಗಿ ತಿರುಗಿಸಿ ಅವನ ತಲೆಗೆ ತಾನೇ ಹಾಕಿದ.

ಕದಿರೇಶನಿಗೆ ಬಲಗಿವಿಯಲ್ಲಿ ಅಷ್ಟು ಸ್ಪಷ್ಟವಾಗಿ ಹಿಂದೆಂದೂ ಕೇಳದ ಒಂದು ಗಿಟಾರು ಕೇಳಿಸಿತು. ಡ್ರಮ್ಮುಗಳು ಈಗ ಎಲ್ಲಿಂದಲೋ ಹುಟ್ಟಿ ಬಲಕ್ಕೆ ಬಂದು ಮುಗಿದವು. ಎಡಗಡೆ ಹತ್ತಿ ತುಂಬಿದಂತೆ ಮೌನವಾಗಿತ್ತು.

"ಹೆಡ್‌ಫೋನು ಮೂರೂ ಚೆನ್ನಾಗವೆ," ಎಂದ ಸುಬ್ಬರಾಯಪ್ಪ ತಗ್ಗಿದ ದನಿಯಲ್ಲಿ. ಆಮೇಲೆ, ಕೇಳಿಸಲಿಲ್ಲವೇನೋ ಎಂದು, ಬಲಗಡೆಗೆ ಬಂದು ಇನ್ನೊಂದು ಸಲ ಹೇಳಿದ. "ಏನ್ ಕೆಲ್ಸ ಮಾಡ್ತೀಯ?"

"ಕ್ರಷರ್‌ನಾಗೆ ಸಾರ್. ಲಿವರ್ ಹಿಡೀತೀನಿ."

"ಯಾವ ಪಕ್ಕಕ್ಕೈತೆ ಮೆಷೀನು?"

ಕದಿರೇಶ ಎಡಗೈ ಎತ್ತಿ ತೋರಿಸಿದ. ಮೇಜಿನ ಅಂಚು ಹಿಡಿದು ನಿಂತುಕೊಂಡ. ಅವನ ಕಣ್ಣೆದುರು ಇಂಜಿನ್ನಿತ್ತು. ಎಡಕ್ಕೆ ನಾಲ್ಕು ಹೆಜ್ಜೆ ದೂರದಲ್ಲಿ ಬೆಲ್ಟು ಮೆಲ್ಲಗೆ ಎಳೆಯುತ್ತಿತ್ತು. ಆ ಹೊತ್ತು ಕಲ್ಲು ಇನ್ನೂ ದವಡೆಗೆ ಬಿದ್ದಿರಲಿಲ್ಲ, ಅಷ್ಟೊಂದು ಸದ್ದೇ ಇರಲಿಲ್ಲ. ಜಲ್ಲಿ ರಾಶಿಯ ಆ ಕಡೆಯಿದ್ದ ಮೇಸ್ತ್ರಿಗೆ ಕೇಳಿಸಿದ್ದು ತನಗೆ ಕೇಳಿಸಲಿಲ್ಲ ಎಂಬುದನ್ನು ಒಂದೂವರೆ ವರ್ಷ ಅವನು ಯೋಚಿಸದೆ ಇಟ್ಟುಕೊಂಡು ಬಂದಿದ್ದ.

ಏನೂ ಕೊಳ್ಳದೆ ಹೊರಟ. ಬಸ್ಸಿನಲ್ಲಿ ಎಡಗಿವಿಗೆ ಬೆರಳು ಹಾಕಿದ, ತೆಗೆದ, ಮತ್ತೆ ಹಾಕಿದ. ಏನೂ ವ್ಯತ್ಯಾಸವಾಗಲಿಲ್ಲ. ಬಲಗಿವಿ ಮುಚ್ಚಿದಾಗ ಬಸ್ಸಿಗೆ ಬಸ್ಸೇ ನೀರಿನಲ್ಲಿ ಮುಳುಗಿತು.

ಮನೆಯಲ್ಲಿ ಭಾರತಮ್ಮನಿಗೆ ಹೇಳಿದ. ಮಾವನಿಗೆ ಗಂಜಿ ಕುಡಿಸುತ್ತಿದ್ದವಳು ಬಟ್ಟಲು ಕೆಳಗಿಟ್ಟಳು.

"ನಂಗೆ ಗೊತ್ತಿತ್ತು," ಎಂದಳು. "ಕಿವಿ ಅಂತ ಗೊತ್ತಿರ್ಲಿಲ್ಲ. ಆ ಪಕ್ಕ ಕೂತು ಕರೆದ್ರೆ ನೀನು ಓಗೊಡ್ತಾ ಇರ್ಲಿಲ್ಲ. ನನ್ ಮ್ಯಾಲೆ ಏನೋ ಸಿಟ್ಟೈತೆ ಅಂದ್ಕೊಂಡು ಸುಮ್ನಾಗ್ತಿದ್ದೆ."

"ಎಷ್ಟು ದಿನದಿಂದ?"

"ದಿನ ಎಲ್ಲಿ ಬಂತು. ಮೂರ್ನಾಲ್ಕು ವರ್ಷ ಆಯ್ತು."

ಕದಿರೇಶ ಲೆಕ್ಕ ಹಾಕಿದ. ಚನ್ನರಾಯಪ್ಪನ ಕೈ ಹೋಗಿದ್ದು ಅದರೊಳಗೇ ಬರುತ್ತಿತ್ತು.

ಆ ವಾರ ಕೋಲಾರದ ಆಸ್ಪತ್ರೆಗೆ ಹೋದ. ಕಿವಿ ಡಾಕ್ಟರು ಎರಡು ಕವಲಿನ ಕಬ್ಬಿಣವೊಂದನ್ನು ತಟ್ಟಿ ತಟ್ಟಿ ಕಿವಿಯ ಹಿಂದೆ ಇಟ್ಟು ನೋಡಿದರು. ಚಿಕ್ಕಂದಿನಲ್ಲಿ ಕಿವಿ ಸೋರುತ್ತಿತ್ತೇ ಎಂದು ಕೇಳಿದರು. ಸೋರುತ್ತಿತ್ತು. ಎಡದ್ದು ಹೋಗಿದೆ, ಬರುವುದಿಲ್ಲ, ಬಲದ್ದೂ ಸವೆಯುತ್ತಿದೆ ಎಂದು ಚೀಟಿ ಬರೆದರು. "ದೊಡ್ಡ ಸದ್ದಿನ ಹತ್ರ ಇರಬೇಡ. ಮೆಷೀನಾದ್ರೂ ಅಷ್ಟೇ, ಹಾಡಾದ್ರೂ ಅಷ್ಟೇ," ಎಂದರು.

ಚೀಟಿ ಜೇಬಿನಲ್ಲಿಟ್ಟುಕೊಂಡು ಎಂಟು ದಿನ ಕೆಲಸಕ್ಕೆ ಹೋದ. ಬೆಲ್ಟಿನ ಹತ್ತಿರ ಈಗ ಬೇರೊಬ್ಬ ಆಳಿದ್ದ. ಕದಿರೇಶ ಇಡೀ ದಿನ ಕುತ್ತಿಗೆ ತಿರುಗಿಸಿ ಅವನನ್ನೇ ನೋಡುತ್ತಿದ್ದ. ಒಂಬತ್ತನೇ ದಿನ ಮೇಸ್ತ್ರಿಯ ಹತ್ತಿರ ಹೋಗಿ, "ದೊಡ್ಡಪ್ಪಾ, ಅವತ್ತು ನಿಂಗೆ ಕೂಗು ಕೇಳಿಸ್ತಾ, ಇಲ್ವಾ?" ಎಂದ. ದೊಡ್ಡವೆಂಕಟಪ್ಪ ಬೀಡಿ ಎಸೆದು, "ಹಳೇದ್ ಯಾಕ್ಲಾ ಕೆದಕ್ತೀಯ, ಮನೇಲಿ ಮೂರ್ ಜನ ಹೆಣ್ಮಕ್ಳವ್ರೆ ನಂಗೆ," ಎಂದು ಎದ್ದು ಹೋದ. ಕದಿರೇಶನಿಗೆ ಅಷ್ಟೇ ಸಾಕಾಯಿತು. ಮಾರನೆಯ ಬೆಳಿಗ್ಗೆ ಕ್ರಷರ್‌ಗೆ ಹೋಗದೆ ಶ್ರೀನಿವಾಸಪುರದ ಬಸ್ಸು ಹತ್ತಿದ. ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ರಾಯಲ್ಪಾಡಿನಲ್ಲಿ ಇಳಿದ.

ಮನೆಯ ಮುಂದೆ ಟೊಮೇಟೊ ಬುಟ್ಟಿಗಳಿದ್ದವು. "ಎವರು?" ಎಂದು ತೆಲುಗಿನಲ್ಲಿ ಕೇಳುತ್ತಾ ಹೊರಗೆ ಬಂದ ಮುನಿಯಲ್ಲಮ್ಮ ಅವನನ್ನು ಗುರುತು ಹಿಡಿದು ಬಾಗಿಲಲ್ಲೇ ನಿಂತಳು. ಒಳಗೆ ಬಾ ಎನ್ನಲಿಲ್ಲ.

"ಅಣ್ಣನ್ನ ನೋಡ್ಬೇಕಾಗಿತ್ತು ಅಕ್ಕಾ."

"ನೋಡೋಕೇನೈತೆ? ನೀನು ಸಹಿ ಹಾಕಿ ಮಾರಿದ್ಯಲ್ಲಾ, ಅದೇ ಮನುಷ್ಯ."

ಚನ್ನರಾಯಪ್ಪ ಹಿತ್ತಲಿನಿಂದ ಬಂದ. ಮುಖ ಇಳಿದುಹೋಗಿತ್ತು. ಅಂಗಿಯ ಬಲತೋಳನ್ನು ಮಡಿಸಿ ಪಿನ್ನು ಹಾಕಿತ್ತು. ಕದಿರೇಶ ಎಲ್ಲವನ್ನೂ ನಿಂತೇ ಹೇಳಿದ: ಹೆಡ್‌ಫೋನು ಕೊಳ್ಳಲು ಹೋದದ್ದು, ಮೂರನ್ನೂ ಹಾಕಿ ನೋಡಿದ್ದು, ಅಂಗಡಿಯವನು ತಿರುಗಿಸಿ ಹಾಕಿದ್ದು. ಡಾಕ್ಟರ ಚೀಟಿ ತೋರಿಸಿದ. ಚನ್ನರಾಯಪ್ಪ ಚೀಟಿಯ ಕಡೆ ನೋಡಲೇ ಇಲ್ಲ. ಮೆಲ್ಲಗೆ ಕೆಳಗೆ ಕೂತ.

"ಏಮಿರಾ ಕದಿರಾ," ಎಂದ. "ನಾನು ಕೂಗ್ದೆ."

"ಹೂಂ ಅಣ್ಣಾ."

"ನಿನ್ ಹೆಸರು ಹಿಡಿದು ಕೂಗ್ದೆ. ಮೂರು ಸಲ. ಆಸ್ಪತ್ರೇಲಿ ಎಲ್ರೂ ಬಂದು, ನೀನ್ ಕೂಗ್ಲಿಲ್ವಂತಲ್ಲ, ಕೂಗ್ಲಿಲ್ವಂತಲ್ಲ ಅಂತ ಕೇಳಿ ಕೇಳಿ... ಮನೇಲಿ ಇವಳೂ ಒಂದಿನ ಕೇಳಿದ್ಳು, ನಿಜ ಹೇಳು, ಕೂಗ್ದ್ಯಾ ಅಂತ. ಆಮ್ಯಾಕೆ ನಂಗೇ ಅನುಮಾನ ಬಂದ್ಬಿಡ್ತು ಕಣೋ. ನಾಲ್ಕು ಹೆಜ್ಜೆ ದೂರದಾಗಿದ್ದೋನು, ನನ್ನ ತಮ್ಮನಂಗಿದ್ದೋನು, ಕೇಳಿಸಿದ್ರೆ ತಿರುಗ್ದೆ ಇರ್ತಾನಾ? ಹಂಗಾದ್ರೆ ಬಾಯಿಂದ ಸದ್ದೇ ಬರ್ಲಿಲ್ವೇನೋ ಅಂದ್ಕೊಂಡೆ. ನನ್ನ ತಲೆ ಸರಿಯಿಲ್ಲ ಅಂದ್ಕೊಂಡೆ."

ಮುನಿಯಲ್ಲಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ತಿರುಗಿದಳು.

"ನಾನು ಹೋಗಿ ಬೇರೆ ಹೇಳ್ಕೆ ಬರೆಸ್ತೀನಿ," ಎಂದ ಕದಿರೇಶ.

"ಬರೆಸು," ಎಂದ ಚನ್ನರಾಯಪ್ಪ. "ಇವಾಗ ಹೋಗು. ನಿನ್ನ ನೋಡ್ಕೊಂಡ್ ಕೂರಕ್ಕೆ ನನ್ ಕೈಲಿ ಆಗಲ್ಲ." ಊರ ಬಾವಿಯ ತನಕವೂ ಯಾರೂ ಅವನನ್ನು ಹಿಂದಕ್ಕೆ ಕರೆಯಲಿಲ್ಲ. ಕರೆದಿದ್ದರೂ ಕೇಳಿಸುತ್ತಿತ್ತೋ ಇಲ್ಲವೋ ಎಂದು ಅವನು ಎರಡು ಸಲ ತಿರುಗಿ ನೋಡಿದ.

ಲೇಬರ್ ಆಫೀಸಿನಲ್ಲಿ ಡಾಕ್ಟರ ಚೀಟಿ ತೋರಿಸಿ ಹೊಸ ಹೇಳಿಕೆ ಕೊಟ್ಟ ಸುದ್ದಿ ಕ್ರಷರ್‌ಗೆ ಅವನಿಗಿಂತ ಮೊದಲೇ ತಲುಪಿತ್ತು. ಮಾಲೀಕ ಕರೆಸಿ ಬೈಯಲೂ ಇಲ್ಲ. ಕಿವಿ ಕೇಳದವನನ್ನು ಮೆಷೀನಿನ ಹತ್ತಿರ ಇಟ್ಟುಕೊಳ್ಳುವುದು ಅಪಾಯ ಎಂದು ಡಾಕ್ಟರ ಚೀಟಿಯನ್ನೇ ಕಾರಣ ಮಾಡಿ, ಆ ಸಂಜೆಯೇ ಲೆಕ್ಕ ಮುಗಿಸಿ ಕಳಿಸಿದ. ಆರೋಗ್ಯದಾಸ್ ಗೇಟಿನ ತನಕ ಬಂದ. ಭುಜ ಹಿಡಿದು ಅಲ್ಲಾಡಿಸಿ ವಾಪಸು ಹೋದ.

ವಿಚಾರಣೆ ಎಂಬತ್ತೇಳರ ಕೊನೆಯಲ್ಲಿ ಲೇಬರ್ ಆಫೀಸಿನಲ್ಲೇ ನಡೆಯಿತು. ಮಾಲೀಕನ ವಕೀಲರು ಕದಿರೇಶನ ಎಡಕ್ಕೆ ಬಂದು ನಿಂತು ಮೊದಲ ಪ್ರಶ್ನೆಯನ್ನು ಮೆಲ್ಲಗೆ ಕೇಳಿದರು. ಕದಿರೇಶ ಸುಮ್ಮನೆ ನಿಂತಿದ್ದ. ನೋಡುತ್ತಿದ್ದವರು ನಕ್ಕರು. ಅಧಿಕಾರಿಗಳು ವಕೀಲರನ್ನು ಎದುರಿಗೆ ಬರಲು ಹೇಳಿದರು.

"ಮೊದಲು, ಆತ ಕೂಗಲಿಲ್ಲ ಅಂದಿರಿ. ಈಗ ನಿಮಗೆ ಕೇಳಿಸಲಿಲ್ಲ ಅಂತೀರಿ," ಎಂದರು ವಕೀಲರು. "ಕೇಳಿಸದೇ ಇದ್ದವರಿಗೆ ಆತ ಕೂಗಿದ್ದು ಹೇಗೆ ಗೊತ್ತು?"

"ಗೊತ್ತಿಲ್ಲ ಸಾರ್," ಎಂದ ಕದಿರೇಶ. "ಅದನ್ನೇ ಹೇಳಕ್ಕೆ ಬಂದಿದೀನಿ. ಕೂಗಿದ್ದೂ ನಂಗೊತ್ತಿಲ್ಲ, ಕೂಗ್ದೇ ಇದ್ದಿದ್ದೂ ನಂಗೊತ್ತಿಲ್ಲ. ಗೊತ್ತಿಲ್ದೆ ಇರೋದಕ್ಕೆ ಸಹಿ ಹಾಕ್ಬಿಟ್ಟೆ."

ಆಮೇಲೆ ದೊಡ್ಡವೆಂಕಟಪ್ಪ ಮೇಸ್ತ್ರಿಯನ್ನು ಕರೆದರು. ಅವನು ಟವೆಲ್ಲನ್ನು ಹೆಗಲಿನಿಂದ ಕಂಕುಳಿಗೆ ಸರಿಸಿಕೊಂಡು ನಿಂತ. ಮಾಲೀಕನನ್ನು ನೋಡಿದ. ಪಿನ್ನು ಹಾಕಿದ ಅಂಗಿ ತೋಳನ್ನು ನೋಡಿದ. ಎಲ್ಲರೂ ಹಳೆಯ ಮಾತೇ ಬರುತ್ತದೆ ಅಂದುಕೊಂಡಿದ್ದರು.

"ಕೇಳಿಸ್ತು ಸಾಮಿ," ಎಂದ. "ಮೂರು ಸಲ. ಕದಿರಾ ನಿಲ್ಸೋ ಅಂತ. ಅದ್ಕೇ ಓಡ್ದೆ."

ವಾರದೊಳಗೆ ಅವನ ಕೆಲಸವೂ ಹೋಯಿತು.

ಕ್ರಷರ್ ಬಿಟ್ಟಂದಿನಿಂದ ಕದಿರೇಶನಿಗೆ ಕೂಲಿ ಬಿಟ್ಟರೆ ಬೇರೆ ಗತಿಯಿರಲಿಲ್ಲ. ಭಾರತಮ್ಮ ಹುತ್ತೂರಿನ ಕಡೆ ರೇಷ್ಮೆ ಹುಳು ಸಾಕುವವರ ಮನೆಗಳಿಗೆ ಸೊಪ್ಪು ಹಾಕಲು ಹೋದಳು. ಮಾತು ಬರದ ಅಪ್ಪನೂ ಸರಿಯಾಗಿ ಕೇಳಿಸದ ಮಗನೂ ಇಡೀ ಹಗಲು ಒಂದೇ ಮನೆಯಲ್ಲಿ ಇರುತ್ತಿದ್ದ ದಿನಗಳೂ ಇದ್ದವು. ಶ್ರೀರಾಮಪ್ಪ ಎಂಬತ್ತೆಂಟರ ಸಂಕ್ರಾಂತಿಯ ಹಿಂದಿನ ದಿನ ತೀರಿಕೊಂಡ.

ತಿಥಿ ಕಳೆದ ಮೇಲೆ ಭಾರತಮ್ಮನೇ ಒಂದು ದಿನ, "ಆ ಡಬ್ಬ ಧೂಳು ಹಿಡೀತಾ ಐತೆ. ಕೇಳೋದಾದ್ರೆ ಕೇಳು, ಇಲ್ಲ ಮಾರು," ಎಂದಳು. ಕದಿರೇಶ ಮತ್ತೆ ಸುಬ್ಬರಾಯಪ್ಪನ ಅಂಗಡಿಗೆ ಹೋದ. ಡಾಕ್ಟರು ಹೇಳಿದ್ದನ್ನು ಅವನಿಗೆ ಹೇಳಿದ. ಸುಬ್ಬರಾಯಪ್ಪ ಈ ಸಲ ಬೀರುವಿನಿಂದ ಒಂದನ್ನೇ ತೆಗೆದ.

"ದುಬೈಂದು ನಿಂಗ್ಯಾಕಪ್ಪಾ, ಅದ್ರ ರೇಟೆಲ್ಲಾ ಎರಡು ಕಿವಿಗೆ. ಸ್ಪಂಜಿಂದು ಅಗ್ಗ, ಆದ್ರೆ ಹೊರಗಿನ ಸದ್ದು ಬರುತ್ತೆ, ನೀನು ಸೌಂಡು ಜಾಸ್ತಿ ಮಾಡ್ತೀಯ, ಇರೋ ಕಿವೀನೂ ಹೋಗುತ್ತೆ. ಈ ರೆಕ್ಸಿನ್ನಿಂದು ಗಟ್ಟಿಯಾಗಿ ಮುಚ್ಚುತ್ತೆ. ಎರಡು ವೈರೂ ಸೇರಿಸಿ ಬೆಸುಗೆ ಹಾಕ್ಕೊಡ್ತೀನಿ, ಆ ಕಡೇದೂ ಈ ಕಡೇದೂ ಎರಡೂ ಬಲಗಿವಿಗೇ ಬರುತ್ತೆ. ಸಣ್ಣಗಿಟ್ಕೊಂಡು ಕೇಳು. ದಿನಾ ಬೇಡ."

ಎಪ್ಪತ್ತು ರೂಪಾಯಿ ಕೊಟ್ಟು ತಂದ. ಭಾನುವಾರ ಒಂದು ಗಂಟೆ ಕೇಳುತ್ತಿದ್ದ. ಎರಡು ಗಿಟಾರುಗಳೂ ಒಂದೇ ಕಡೆ ಇಕ್ಕಟ್ಟಾಗಿ ಕೂತಿರುತ್ತಿದ್ದವು, ಡ್ರಮ್ಮುಗಳು ಉರುಳುತ್ತಿರಲಿಲ್ಲ, ಇದ್ದಲ್ಲೇ ಬಡಿಯುತ್ತಿದ್ದವು. ಆದರೂ ಹಾಡು ಪೂರ್ತಿ ಇತ್ತು. ವರ್ಷ ಕಳೆಯುವಷ್ಟರಲ್ಲಿ ತಾಳದ ತಟ್ಟೆಗಳ ಸದ್ದು ಮೊದಲು ಕಾಣೆಯಾಯಿತು, ಆಮೇಲೆ ಹಾಡುವವನ ಕಿರುಚಾಟ ಹೋಯಿತು. ಕೆಳಗಿನ ದೊಡ್ಡ ಡ್ರಮ್ಮು ಮಾತ್ರ ಉಳಿಯಿತು. ಸೌಂಡು ಹೆಚ್ಚು ಮಾಡಲು ಕೈ ಹೋಗುತ್ತಿತ್ತು. ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೇಳುತ್ತಿದ್ದ.

ಎಂಬತ್ತೊಂಬತ್ತರ ಬೇಸಿಗೆಯಲ್ಲಿ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಅವನಿಗೆ ಕೆಲಸ ಸಿಕ್ಕಿತು. ಹಣ್ಣು ವಿಂಗಡಿಸಿ ಪೆಟ್ಟಿಗೆಗೆ ಹುಲ್ಲು ಹಾಸಿ ಜೋಡಿಸುವುದು. ಕಿವಿ ಬೇಕಿಲ್ಲದ ಕೆಲಸ. ಜೂನಿನ ಒಂದು ಮಧ್ಯಾಹ್ನ ಯಾರೋ ಭುಜ ಮುಟ್ಟಿದರು. ತಿರುಗಿದರೆ ಚನ್ನರಾಯಪ್ಪ. ಮೂರು ವರ್ಷದಲ್ಲಿ ವಿಚಾರಣೆಯ ದಿನಗಳನ್ನು ಬಿಟ್ಟರೆ ಇಬ್ಬರೂ ಮುಖ ನೋಡಿರಲಿಲ್ಲ, ನೋಡಿದಾಗಲೂ ಮಾತಾಡಿರಲಿಲ್ಲ. ಎಡಗೈಯಲ್ಲಿ ಒಂದು ಉದ್ದನೆಯ ಲಕೋಟೆ ಹಿಡಿದಿದ್ದ.

"ಆರ್ಡರ್ ಬಂದೈತೆ," ಎಂದು ತುಟಿಯಾಡಿಸಿ ನಿಧಾನವಾಗಿ ಹೇಳಿದ. "ನಂಗೆ ಓದಕ್ ಬರಲ್ಲ. ಊರಾಗೆ ಯಾರ್ ಕೈಲೂ ಓದಿಸ್ಲಿಲ್ಲ. ಬಾ."

ಮಂಡಿಯೊಳಗೆ ಲಾರಿಗಳ ಗದ್ದಲ. ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿಗೆ ಹೋಗಿ ಕೂತರು. ಕದಿರೇಶ ಲಕೋಟೆ ಬಿಚ್ಚಿ ಓದತೊಡಗಿದ. ತನ್ನ ದನಿ ತನಗೇ ಸರಿಯಾಗಿ ಕೇಳುತ್ತಿರಲಿಲ್ಲವಾದ್ದರಿಂದ ಎಷ್ಟು ಜೋರಾಗಿ ಓದುತ್ತಿದ್ದೇನೆ ಎಂದು ಅವನಿಗೆ ತಿಳಿಯಲಿಲ್ಲ. ಅರ್ಜಿದಾರನು ಅಪಘಾತದ ಸಮಯದಲ್ಲಿ ಯಂತ್ರವನ್ನು ನಿಲ್ಲಿಸುವಂತೆ ಮೂರು ಬಾರಿ ಕೂಗಿ ಹೇಳಿದ್ದನೆಂಬುದು ಸಾಕ್ಷ್ಯದಿಂದ ರುಜುವಾತಾಗಿದೆ ಎಂಬಲ್ಲಿಗೆ ಬರುವ ಹೊತ್ತಿಗೆ ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡುತ್ತಿದ್ದರು. ಸೊಪ್ಪು ಮಾರುವ ಹೆಂಗಸೊಬ್ಬಳು ಬುಟ್ಟಿ ಸಮೇತ ಹತ್ತಿರ ಬಂದು ನಿಂತಳು. ಚನ್ನರಾಯಪ್ಪ ಅವನ ಮೊಣಕಾಲು ಮುಟ್ಟಿ ಮೆಲ್ಲಗೆ ಎನ್ನಬಹುದಾಗಿತ್ತು. ಎನ್ನಲಿಲ್ಲ. ತಲೆ ತಗ್ಗಿಸಿ, ಇದ್ದೊಂದು ಅಂಗೈಯನ್ನು ಬೆಂಚಿಗೆ ಊರಿ, ಕೊನೆಯ ಸಾಲಿನವರೆಗೂ ಕೇಳಿಸಿಕೊಂಡ.

ಕೆಳಗೆ ಆಮೇಲಿನ ತಾರೀಖಿನ ಇನ್ನೊಂದು ಹಾಳೆ ಇತ್ತು. ಮಾಲೀಕ ಬೆಂಗಳೂರಿನ ಕೋರ್ಟಿಗೆ ಹೋಗಿದ್ದಾನೆ, ಅಲ್ಲಿ ತೀರ್ಮಾನವಾಗುವ ತನಕ ಪರಿಹಾರ ಬರುವುದಿಲ್ಲ. ಕದಿರೇಶ ಅದನ್ನೂ ಅಷ್ಟೇ ಜೋರಾಗಿ ಓದಿದ.

"ಅವ್ನು ಬಿಡಲ್ಲ ಅಂತ ಗೊತ್ತಿತ್ತು," ಎಂದ ಚನ್ನರಾಯಪ್ಪ. ಕದಿರೇಶನಿಗೆ ಕೇಳಿಸಲಿಲ್ಲ. ಚನ್ನರಾಯಪ್ಪ ಮತ್ತೆ ಹೇಳಲು ಹೋಗಲಿಲ್ಲ. ಕಾಗದಗಳನ್ನು ತೊಡೆಯ ಮೇಲಿಟ್ಟು ಒಂದೇ ಕೈಯಿಂದ ಮಡಿಸಿ ಲಕೋಟೆಗೆ ಸೇರಿಸಿದ. ರಾಯಲ್ಪಾಡಿನ ಬಸ್ಸು ಬಂದಿತ್ತು. ಹತ್ತುವ ಮುಂಚೆ ಜೇಬಿನಿಂದ ಎರಡು ಬೀಡಿ ತೆಗೆದು ಒಂದನ್ನು ಕದಿರೇಶನಿಗೆ ಕೊಟ್ಟ.